ಒತ್ತು ಕಾಣಬೇಕು, ಎರಡೂ ಪರದೆಯಲ್ಲಿ

“ತಮ್ಮಾ, ಎರಡೂ ಸ್ಕ್ರೀನಿಗಿ ಒಂದೇ ನಂಬರ್ ಅದ. ಸಾವಿರದ ಒಂಬೈನೂರಾ ಇಪ್ಪತ್ತು, ಸಾವಿರದ ಎಂಬತ್ತು. ಮತ್ತ ಲ್ಯಾಪ್‌ಟಾಪಿನಾಗ ಅಕ್ಷರ ಸಣ್ಣು, ಆ ದೊಡ್ಡದರಾಗ ದೊಡ್ಡು. ಯಾಕ ಹಿಂಗ?”

ಮಾಸ್ತರರು ಗೋಡೆಯ ಆಚೆಯಿಂದ ಕೇಳಿದರು. ಹಲಬರ್ಗಾದಲ್ಲಿ ನಮ್ಮಿಬ್ಬರ ಅಂಗಳದ ನಡುವೆ ಇರುವುದು ಎದೆಮಟ್ಟದ ಕೆಂಪುಕಲ್ಲಿನ ಗೋಡೆ. ಸೋಯಾ ರಾಶಿಯಿಂದ ಹಿಡಿದು ಬೀದರದ ರೈಲು ಎಷ್ಟು ತಡ ಅನ್ನುವವರೆಗೆ ಎಲ್ಲ ಮಾತೂ ಅದರ ಮೇಲೆ ಮೊಣಕೈ ಊರಿಯೇ ಆಗಬೇಕು. ಮಾಸ್ತರರು ಕನ್ನಡ ಕಲಿಸಿ ನಿವೃತ್ತರಾದವರು. ಈಗ ನಮ್ಮ ಭಾಗದ ಹೆಣ್ಣುಮಕ್ಕಳು ಹಾಡುವ ಭುಲಾಯಿ ಪದಗಳನ್ನು ಕೂಡಿಸುತ್ತಿದ್ದಾರೆ. ಅವರ ಹೆಂಡತಿ, ನಮ್ಮ ಕಾಕು, ಹಾಡುತ್ತಾರೆ, ಇವರು ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುತ್ತಾರೆ. ಬರೆದದ್ದು ಸರಿಯಿದೆಯೋ ಇಲ್ಲವೋ ಅಂತ ಕಾಕು ನೋಡಬೇಕಲ್ಲ, ಅದಕ್ಕೆ ಒಂದು ಹಳೆಯ ಮಾನಿಟರ್ ತಂದು ಜೋಡಿಸಿದ್ದಾರೆ. ಯಂತ್ರದಲ್ಲಿರುವುದು ಲಿನಕ್ಸ್, ಡೆಬಿಯನ್. ಹಾಕಿಕೊಟ್ಟ ಹುಡುಗ ಊರು ಬಿಟ್ಟು ಪುಣೆಗೆ ಹೋಗಿದ್ದರಿಂದ ಪ್ರಶ್ನೆ ನನ್ನ ಕಡೆ ಬಂತು. ಇಂಥ ಪ್ರಶ್ನೆ ಬಂದರೆ ನನಗೆ ಖುಷಿ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಪುಸ್ತಕದ ಪುಟ ಕಟ್ಟುವುದೇ ನನ್ನ ಕೆಲಸ. ದಿನವಿಡೀ ಎರಡು ಪರದೆಯ ಮುಂದೆ ಕೂರುವವನು.

“ಕಾಕಾ, ನಂಬರ್ ಒಂದೇ ಅದ ಖರೇ. ಆದ್ರ ಅದು ಚುಕ್ಕಿ ಲೆಕ್ಕ, ಗಾತ್ರದ್ದಲ್ಲ” ಅಂದೆ.

ಲೆಕ್ಕ ಹೀಗೆ. ಅಡ್ಡ 1920, ಉದ್ದ 1080 ಚುಕ್ಕೆ. ಲ್ಯಾಪ್‌ಟಾಪು ಅಷ್ಟನ್ನೂ 14 ಇಂಚಿನೊಳಗೆ ತುಂಬಿಕೊಂಡಿದೆ, ಅಂದರೆ ಒಂದು ಇಂಚಿಗೆ ಸುಮಾರು 157 ಚುಕ್ಕೆ. ಮಾನಿಟರು 21.5 ಇಂಚಿನದು, ಅಲ್ಲಿ ಇಂಚಿಗೆ ಸುಮಾರು 102. ಈಗ ಕಂಪ್ಯೂಟರು 16 ಚುಕ್ಕೆ ಎತ್ತರದ ಅಕ್ಷರ ಬರೆಯಿತು ಅಂತ ಇಟ್ಟುಕೊಳ್ಳಿ. ಮಾನಿಟರಿನಲ್ಲಿ ಅದು 4 ಮಿಲಿಮೀಟರ್ ಆಗುತ್ತದೆ, ಲ್ಯಾಪ್‌ಟಾಪಿನಲ್ಲಿ 2.6 ಮಿಲಿಮೀಟರಿಗೆ ಇಳಿಯುತ್ತದೆ. ಯಂತ್ರದ ಮಟ್ಟಿಗೆ ಎರಡೂ ಒಂದೇ, ಕಣ್ಣಿಗೆ ಮಾತ್ರ ಬೇರೆ. ಇನ್ನು 27 ಇಂಚಿನ ‘ಫೋರ್ ಕೆ’ ಮಾನಿಟರು ತಂದವರಿಗೆ ಇಂಚಿಗೆ 163 ಚುಕ್ಕೆ ಸಿಗುತ್ತದೆ. ದೊಡ್ಡದು ತಂದೆವೆಂದು ಸಂತೋಷಪಟ್ಟು ಹಚ್ಚಿದರೆ ಅಕ್ಷರ ಮೊದಲಿಗಿಂತ ಸಣ್ಣದಾಗಿರುತ್ತದೆ.

ಮಾಸ್ತರರು ಮೊಳೆ ಜೋಡಿಸುವ ಅಚ್ಚುಕೂಟ ನೋಡಿದವರು. ಆ ಕಾಲದಲ್ಲಿ ಈ ತೊಂದರೆಯೇ ಇರಲಿಲ್ಲ. ಒಂದು ಇಂಚಿಗೆ 72 ಪಾಯಿಂಟ್. 12 ಪಾಯಿಂಟಿನ ಮೊಳೆಯೆಂದರೆ ಇಂಚಿನ ಆರನೇ ಒಂದು ಪಾಲು, ಭಾಲ್ಕಿಯಲ್ಲೂ ಅಷ್ಟೇ, ಬೆಂಗಳೂರಿನಲ್ಲೂ ಅಷ್ಟೇ. ಸೀಸದ ತುಂಡು ಊರು ಬದಲಾದರೆ ಕುಗ್ಗುವುದಿಲ್ಲ. ಪರದೆ ಬಂದಾಗಲೂ ಮೊದಮೊದಲು ಅದೇ ಅಳತೆ ಉಳಿಸಿಕೊಳ್ಳಲು ನೋಡಿದರು. 1984ರ ಆಪಲ್ ಮ್ಯಾಕಿಂಟಾಷ್ ಪರದೆಯಲ್ಲಿ ಇಂಚಿಗೆ 72 ಚುಕ್ಕೆ, ಕಾಗದದ ಪಾಯಿಂಟೂ ಪರದೆಯ ಚುಕ್ಕೆಯೂ ಸಮ. ಮೈಕ್ರೋಸಾಫ್ಟಿನವರು 96 ಹಿಡಿದರು, ಏಕೆಂದರೆ ಪರದೆಯನ್ನು ನಾವು ಕಾಗದಕ್ಕಿಂತ ದೂರ ಇಟ್ಟು ಓದುತ್ತೇವೆ, ಮೂರನೇ ಒಂದು ಪಾಲು ದೊಡ್ಡದಿರಲಿ ಅಂತ. ಆ 96 ಈಗಲೂ ಎಲ್ಲ ಕಡೆ ತಳದಲ್ಲಿ ಕೂತಿದೆ. ಲಿನಕ್ಸಿನಲ್ಲಿ ‘ಶೇ 100’ ಅಂತ ಕಾಣುವುದು ಈ ಲೆಕ್ಕದ್ದೇ. ಮಾನಿಟರಿನ 102 ಅದಕ್ಕೆ ಹತ್ತಿರ, ಅದಕ್ಕೇ ಅಲ್ಲಿ ಅಕ್ಷರ ಹದವಾಗಿದೆ. ಲ್ಯಾಪ್‌ಟಾಪಿನ 157 ಅದರ ಒಂದೂವರೆ ಪಟ್ಟಿಗಿಂತಲೂ ಹೆಚ್ಚು. ಅಲ್ಲಿ ಶೇ 150 ಇಟ್ಟರೆ 16 ಚುಕ್ಕೆಯ ಅಕ್ಷರಕ್ಕೆ 24 ಚುಕ್ಕೆ ಸಿಗುತ್ತದೆ, 3.9 ಮಿಲಿಮೀಟರ್ ಆಗುತ್ತದೆ. ಎರಡೂ ಪರದೆ ಕಣ್ಣಿಗೆ ಸರಿಸಮ.

“ಮತ್ತ ರೆಸಲ್ಯೂಶನ್ ಕಡಿಮಿ ಮಾಡಿದ್ರ ಆಗ್ತದಲ್ಲ? ಆ ಹುಡುಗ ಹಂಗೇ ಮಾಡ್ರಿ ಅಂದಿದ್ದ.”

“ಬ್ಯಾಡ್ರಿ ಕಾಕಾ, ಅದೊಂದು ಮಾಡಬ್ಯಾಡ್ರಿ.”

ಇದನ್ನು ನಾನು ಯಾರಿಗೇ ಆದರೂ ಒತ್ತಿ ಹೇಳುತ್ತೇನೆ. ಹಳೆಯ ಗಾಜಿನ ಡಬ್ಬಿ ಮಾನಿಟರಿಗೆ ರೆಸಲ್ಯೂಶನ್ ಇಳಿಸಿದರೆ ನಡೆಯುತ್ತಿತ್ತು. ಈಗಿನ ಎಲ್‌ಸಿಡಿಯಲ್ಲಿ ಚುಕ್ಕೆಗಳು ಗಟ್ಟಿಯಾಗಿ ಕೂತಿವೆ, ಒಂದೊಂದಕ್ಕೂ ಅದರದೇ ಜಾಗ. 1920ರ ಪರದೆಗೆ 1366ರ ಚಿತ್ರ ಕೊಟ್ಟರೆ ಒಂದು ಚುಕ್ಕೆಯನ್ನು ಸುಮಾರು 1.4 ಚುಕ್ಕೆಯ ಮೇಲೆ ಹರಡಬೇಕಾಗುತ್ತದೆ. ಅಂಚು ಕರಗುತ್ತದೆ, ಅಕ್ಷರಕ್ಕೆ ಹೊಗೆ ಹಿಡಿಯುತ್ತದೆ. ದೊಡ್ಡದಾಯಿತು ನಿಜ, ಸ್ಪಷ್ಟತೆ ಹೋಯಿತು. ಸ್ಕೇಲಿಂಗ್ ಹಾಗಲ್ಲ. ಇರುವ ಚುಕ್ಕೆಗಳನ್ನು ಅಷ್ಟೂ ಉಳಿಸಿಕೊಂಡು, ಅದೇ ಅಕ್ಷರವನ್ನು ಹೆಚ್ಚು ಚುಕ್ಕೆ ಬಳಸಿ ಬರೆ ಅಂತ ಹೇಳುವುದು. ಅಕ್ಷರ ದೊಡ್ಡದೂ ಆಗುತ್ತದೆ, ಇನ್ನಷ್ಟು ತಿದ್ದಿದಂತೆಯೂ ಆಗುತ್ತದೆ.

ಇಂಗ್ಲಿಷು ಓದುವವರಿಗೆ ಈ ಸ್ಪಷ್ಟತೆ ಸ್ವಲ್ಪ ಹೋದರೂ ನಡೆದೀತು. ನಮಗೆ ನಡೆಯುವುದಿಲ್ಲ. ಕನ್ನಡದ ಸಾಲಿನ ಎತ್ತರವನ್ನೊಮ್ಮೆ ನೋಡಿ. ನಡುವೆ ಅಕ್ಷರದ ಮೈ, ಮೇಲೆ ತಲೆಕಟ್ಟು, ಗುಡಿಸು, ಎತ್ವ, ಕೆಳಗೆ ಒತ್ತು. ‘ರಾಷ್ಟ್ರ’, ‘ಶಾಸ್ತ್ರ’ ಅಂದರೆ ಒತ್ತಿನ ಜೊತೆ ಇನ್ನೊಂದು ಒತ್ತು. ಇಷ್ಟೆಲ್ಲವನ್ನೂ 16 ಚುಕ್ಕೆಯೊಳಗೆ ಹಾಕಿದರೆ ಒತ್ತಿನ ಪಾಲಿಗೆ ಬರುವುದು ನಾಲ್ಕೈದು ಚುಕ್ಕೆ. ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’, ‘ಪ’ ಮತ್ತು ‘ಫ’ ಇವುಗಳ ಅಂತರವೆಲ್ಲ ಒಂದು ಸೀಳಿನಲ್ಲಿದೆ. ಚುಕ್ಕೆ ಸಾಲದಿದ್ದರೆ ಆ ಸೀಳು ಮುಚ್ಚಿಹೋಗುತ್ತದೆ. ಉರ್ದು ಓದುವ ಮನೆಗಳಲ್ಲೂ ಇದೇ ಕಷ್ಟ. ನಸ್ತಾಲೀಕ್ ಬರವಣಿಗೆ ಮೇಲಿನಿಂದ ಕೆಳಕ್ಕೆ ಇಳಿಜಾರಾಗಿ ಬರುವುದರಿಂದ ಒಂದು ಸಾಲಿಗೆ ಬೇಕಾಗುವ ಎತ್ತರ ಬಹಳ. ಬೀದರ ಜಿಲ್ಲೆಯಲ್ಲಿ ಒಂದೇ ಲಗ್ನಕ್ಕೆ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಪತ್ರಿಕೆ ಅಚ್ಚಾಗುತ್ತದೆ. ಹೀಗಾಗಿ ಮೂರು ಲಿಪಿಯ ಕರಡು ತಿದ್ದುವ ನಮ್ಮಂಥವರಿಗೆ ಸ್ಕೇಲಿಂಗ್ ಅನ್ನುವುದು ಅಲಂಕಾರದ ಮಾತಲ್ಲ.

ಕಾಕುಗೆ ಇನ್ನೂ ಹೆಚ್ಚು. ಅವರು ಮದುವೆಯಾಗಿ ಬಂದಮೇಲೆ ಮಾಸ್ತರರ ಹತ್ತಿರ ಅಕ್ಷರ ಕಲಿತವರು. ನಾನೂ ನೀವೂ ಒಂದು ಪದವನ್ನು ಅರ್ಧ ನೋಡಿ ಉಳಿದದ್ದನ್ನು ಊಹಿಸಿಬಿಡುತ್ತೇವೆ. ಅವರು ಪ್ರತಿ ಅಕ್ಷರ ನೋಡಿ, ಪ್ರತಿ ಒತ್ತು ನೋಡಿ ಓದುತ್ತಾರೆ. ಒತ್ತು ಕಾಣದಿದ್ದರೆ ಅಲ್ಲಿಯೇ ನಿಂತುಬಿಡುತ್ತಾರೆ. ಈ ನೆಲದಲ್ಲಿ ಕನ್ನಡದ ಅಕ್ಷರ ಸುಮ್ಮನೆ ಸಿಕ್ಕಿದ್ದೂ ಅಲ್ಲ. ನಿಜಾಮರ ಆಡಳಿತದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. 1956ರ ನವೆಂಬರ್ 1ರಂದು ಬೀದರ ಕನ್ನಡದ ರಾಜ್ಯಕ್ಕೆ ಸೇರುವ ಎಷ್ಟೋ ವರ್ಷ ಮೊದಲಿನ ಮಾತು ಅದು. ಹಾಗೆ ಕಲಿಸಿದ ಅಕ್ಷರ ಇವತ್ತು ಒಂದು ಸೆಟ್ಟಿಂಗ್ ಸರಿಯಿಲ್ಲದ್ದಕ್ಕೆ ಮನೆಯೊಳಗೇ ಕಾಣದೆ ಹೋಗುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

“ಆಯ್ತಪ್ಪಾ, ಲ್ಯಾಪ್‌ಟಾಪಿಗಿ ನೂರಾ ಐವತ್ತು ಇಡು. ಮಾನಿಟರಿಗಿ ನೂರೇ ಇರ್ಲಿ. ಅದರಾಗೇನದ?” ಅಂದರು ಮಾಸ್ತರರು.

ನಾನು ಗೋಡೆ ಸುತ್ತಿ ಹೋಗಿ ಅವರ ಪಡಸಾಲೆಯಲ್ಲಿ ಕೂತೆ. ಸೆಟ್ಟಿಂಗ್ಸ್ ತೆರೆದು ನೋಡಿದರೆ ಸ್ಕೇಲಿಂಗಿಗೆ ಇದ್ದದ್ದು ಎರಡೇ ಆಯ್ಕೆ, 100 ಮತ್ತು 200. ಅದೂ ಒಂದು ಪರದೆಗೆ ಬದಲಿಸಿದರೆ ಇನ್ನೊಂದಕ್ಕೂ ಬದಲಾಗುತ್ತಿತ್ತು. ಕಾರಣ ಗೊತ್ತಾಯಿತು. ಲಾಗಿನ್ ಆಗುವಾಗ ‘ಗ್ನೋಮ್ ಆನ್ ಎಕ್ಸಾರ್ಗ್’ ಅನ್ನುವುದನ್ನು, ಅಂದರೆ ಗ್ನೋಮ್ ಡೆಸ್ಕ್‌ಟಾಪನ್ನು ಹಳೆಯ ಎಕ್ಸ್ ಮೇಲೆ ನಡೆಸುವ ಆಯ್ಕೆಯನ್ನು, ಆರಿಸಿ ಇಟ್ಟಿದ್ದರು.

ಇಲ್ಲಿ ಸ್ವಲ್ಪ ಹಳೆಯ ಕಥೆ ಬೇಕು. ಲಿನಕ್ಸಿನ ಪರದೆಯ ಮೇಲೆ ಕಿಟಕಿಗಳನ್ನು ಬಿಡಿಸುವ ಎಕ್ಸ್ ಎಂಬ ವ್ಯವಸ್ಥೆ ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿತು, ಅದರ ಹನ್ನೊಂದನೆಯ ರೂಪ ಬಂದದ್ದು 1987ರಲ್ಲಿ. ಒಬ್ಬ ಮನುಷ್ಯ, ಒಂದು ಪರದೆ ಅನ್ನುವ ಕಾಲ ಅದು. ಆಮೇಲೆ ಎರಡು ಮೂರು ಮಾನಿಟರ್ ಹಚ್ಚುವ ಅಭ್ಯಾಸ ಬಂದಾಗ ಎಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಹಾಸು ಮಾಡಿದರು. ಎರಡು ಕೋಣೆಗೆ ಸೇರಿಸಿ ಹಾಸಿದ ಒಂದೇ ಜಮಖಾನೆ ಇದ್ದ ಹಾಗೆ: ನಡುವಿನ ಬಾಗಿಲಿನ ಆಚೆ ಈಚೆ ಎಲ್ಲೂ ಅದರ ನೇಯ್ಗೆ ಬೇರೆ ಆಗುವುದಿಲ್ಲ. ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಸಂಖ್ಯೆ ಪ್ರೋಗ್ರಾಮುಗಳಿಗೆ ಒಂದೇ ಒಂದು ಸಿಗುತ್ತದೆ, ಎರಡು ಪರದೆಗೂ ಅದೇ.

ಇದಕ್ಕೆ ಉಪಾಯ ಇಲ್ಲವೆಂದಲ್ಲ. ‘ಎಕ್ಸ್‌ರ‍್ಯಾಂಡರ್’ ಎಂಬ ಆದೇಶದಲ್ಲಿ ಒಂದು ಮಾನಿಟರಿನ ಚಿತ್ರವನ್ನು ದೊಡ್ಡದಾಗಿ ಬಿಡಿಸಿ ಆಮೇಲೆ ಕುಗ್ಗಿಸಿ ತೋರಿಸು ಅಂತ ಹೇಳಬಹುದು. ಲಿನಕ್ಸ್ ಮಿಂಟ್ ಬಳಸುವವರಿಗೆ 2020ರಲ್ಲಿ ಬಂದ 20ನೇ ಆವೃತ್ತಿಯಿಂದಲೇ ಸಿನಮನ್ ಡೆಸ್ಕ್‌ಟಾಪಿನಲ್ಲಿ ಪ್ರತಿ ಮಾನಿಟರಿಗೂ ಬೇರೆ ಬೇರೆ ಸ್ಕೇಲಿಂಗ್ ಸಿಗುತ್ತದೆ, ಅದು ಎಕ್ಸ್ ಮೇಲೆಯೇ ನಡೆಯುವ ಏರ್ಪಾಡು. ಮಿಂಟ್ ಇದ್ದವರು ಅದನ್ನೇ ಬಳಸಲಿ, ತೊಂದರೆಯಿಲ್ಲ. ಆದರೆ ಕುಗ್ಗಿಸಿ ತೋರಿಸಿದಾಗ ಅಂಚು ಸ್ವಲ್ಪ ಮೆತ್ತಗಾಗುತ್ತದೆ, ಹಳೆಯ ಯಂತ್ರಕ್ಕೆ ಹೊರೆಯೂ ಹೆಚ್ಚು.

ಸರಿಯಾದ ದಾರಿ ವೇಲ್ಯಾಂಡ್. ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಎಂಬವರು 2008ರಲ್ಲಿ ಶುರುಮಾಡಿದ್ದು. ಅದರಲ್ಲಿ ಪ್ರತಿ ಪರದೆಗೂ ಅದರದೇ ಸ್ಕೇಲ್ ಇರುತ್ತದೆ. ಕಿಟಕಿಯನ್ನು ಲ್ಯಾಪ್‌ಟಾಪಿನಿಂದ ಎಳೆದು ಮಾನಿಟರಿಗೆ ಒಯ್ದರೆ, ‘ಈಗ ನೀನು ಈ ಪರದೆಯ ಮೇಲಿದ್ದೀ, ಇಲ್ಲಿನ ಅಳತೆ ಇಷ್ಟು’ ಅಂತ ಆ ಪ್ರೋಗ್ರಾಮಿಗೆ ತಿಳಿಸುತ್ತದೆ, ಪ್ರೋಗ್ರಾಮು ಅಕ್ಷರವನ್ನು ಆ ಅಳತೆಗೆ ಹೊಸದಾಗಿ ಬರೆಯುತ್ತದೆ. ಮೊದಲು ಈ ಅಳತೆ ಇಡೀ ಸಂಖ್ಯೆ ಮಾತ್ರ, ಒಂದು, ಎರಡು, ಮೂರು. ಒಂದೂವರೆ ಬೇಕಾದರೆ ಎರಡು ಪಟ್ಟು ಬರೆದು ಕುಗ್ಗಿಸಬೇಕಿತ್ತು. 2022ರ ಕೊನೆಗೆ ಭಿನ್ನರಾಶಿಯನ್ನೂ ನೇರವಾಗಿ ಹೇಳುವ ನಿಯಮ ಸೇರಿಕೊಂಡಿತು. ಅದನ್ನು ನೂರಿಪ್ಪತ್ತರ ಪಾಲಿನಲ್ಲಿ ಹೇಳುತ್ತಾರೆ: ಒಂದೂ ಕಾಲು ಅಂದರೆ 150, ಒಂದೂವರೆ ಅಂದರೆ 180, ಒಂದೂ ಮುಕ್ಕಾಲು ಅಂದರೆ 210. ಮಾಸ್ತರರಿಗೆ ಈ ಲೆಕ್ಕ ಬಹಳ ಹಿಡಿಸಿತು.

“ನೂರಾ ಇಪ್ಪತ್ತಕ್ಕ ಅರ್ಧನೂ ಬರ್ತದ, ಮುಪ್ಪಾಲೂ ಬರ್ತದ, ಕಾಲೂ ಬರ್ತದ, ಆರನೇ ಪಾಲೂ ಬರ್ತದ. ಛಲೋ ಆರಿಸ್ಯಾರ ನೋಡು!”

ಲಾಗ್ ಔಟ್ ಮಾಡಿ, ಲಾಗಿನ್ ಪರದೆಯ ಕೆಳಮೂಲೆಯಲ್ಲಿರುವ ಹಲ್ಲುಚಕ್ರದ ಗುರುತು ಒತ್ತಿ ಬರಿ ‘ಗ್ನೋಮ್’ ಅಂತ ಆರಿಸಿದೆ. ವೇಲ್ಯಾಂಡ್ ಬಂದಿತೋ ಇಲ್ಲವೋ ಅಂತ ಸೆಟ್ಟಿಂಗ್ಸ್‌ನ ‘ಅಬೌಟ್’ ಭಾಗದಲ್ಲಿ ಸಿಸ್ಟಮ್ ವಿವರ ತೆರೆದರೆ ಗೊತ್ತಾಗುತ್ತದೆ, ‘ವಿಂಡೋಯಿಂಗ್ ಸಿಸ್ಟಮ್’ ಎದುರಿಗೆ ಬರೆದಿರುತ್ತದೆ. ಈಗ ಡಿಸ್‌ಪ್ಲೇ ಭಾಗದಲ್ಲಿ ಒಂದೊಂದು ಪರದೆಗೂ ಬೇರೆ ಸ್ಕೇಲ್ ಇಡಲು ಬಂತು, ಆದರೆ ಇನ್ನೂ 100 ಮತ್ತು 200 ಅಷ್ಟೇ. ನಡುವಿನ ಅಳತೆಗಳನ್ನು ಗ್ನೋಮ್ 2019ರಿಂದಲೇ ಇಟ್ಟುಕೊಂಡಿದ್ದರೂ ಪ್ರಯೋಗದ ಹಂತ ಅಂತ ಬಚ್ಚಿಟ್ಟಿತ್ತು. ‘ಸ್ಕೇಲ್-ಮಾನಿಟರ್-ಫ್ರೇಮ್‌ಬಫರ್’ ಎನ್ನುವ ಹೆಸರನ್ನು ಗ್ನೋಮಿನ ಕಿಟಕಿಗಳನ್ನು ನಡೆಸುವ ‘ಮಟರ್’ನ ಪ್ರಾಯೋಗಿಕ ಸೌಲಭ್ಯಗಳ ಪಟ್ಟಿಗೆ ಟರ್ಮಿನಲ್ಲಿನಲ್ಲಿ ‘ಜಿಸೆಟ್ಟಿಂಗ್ಸ್’ ಆದೇಶದಿಂದ ಸೇರಿಸಿದರೆ 125, 150, 175 ಕೂಡ ಕಾಣುತ್ತವೆ. ಉಬುಂಟುವಿನವರು ಅದಕ್ಕೆ ಡಿಸ್‌ಪ್ಲೇ ಪುಟದಲ್ಲಿಯೇ ‘ಫ್ರ್ಯಾಕ್ಷನಲ್ ಸ್ಕೇಲಿಂಗ್’ ಅಂತ ಒಂದು ಗುಂಡಿ ಕೊಟ್ಟಿದ್ದಾರೆ. ಕೆಡಿಇ ಪ್ಲಾಸ್ಮಾದಲ್ಲಿ ಯಾವ ಬಚ್ಚಿಟ್ಟ ಬಾಗಿಲೂ ಇಲ್ಲ, ಪ್ರತಿ ಪರದೆಗೂ ಒಂದು ಜಾರುಪಟ್ಟಿ, ಎಳೆದರೆ ಆಯಿತು. ಹೊಸದಾಗಿ ಲಿನಕ್ಸ್ ಹಾಕುವವರು, ಅದರಲ್ಲೂ ಎರಡು ಬೇರೆ ಜಾತಿಯ ಮಾನಿಟರ್ ಇದ್ದವರು, ಪ್ಲಾಸ್ಮಾ ಹಾಕಿಕೊಂಡರೆ ಸುಖ ಎಂಬುದು ನನ್ನ ಅಭಿಪ್ರಾಯ. ಎಕ್ಸ್ ನೆಚ್ಚಿಕೊಂಡು ಕೂರುವ ಕಾಲವೂ ಮುಗಿಯುತ್ತ ಬಂತು. 2025ರ ಅಕ್ಟೋಬರಿನ ಉಬುಂಟುವಿನಲ್ಲಿ ಗ್ನೋಮ್‌ಗೆ ಎಕ್ಸ್ ಅಧಿವೇಶನವನ್ನೇ ತೆಗೆದುಹಾಕಿದ್ದಾರೆ.

ಲ್ಯಾಪ್‌ಟಾಪಿಗೆ 150, ಮಾನಿಟರಿಗೆ 100. ಒಂದು ಕಿಟಕಿಯನ್ನು ಎರಡರ ನಡುವೆ ಅರ್ಧ ಅರ್ಧ ನಿಲ್ಲಿಸಿ ತೋರಿಸಿದೆ. ಆಚೆ ಈಚೆ ಅಕ್ಷರ ಒಂದೇ ಎತ್ತರ. ಮಾಸ್ತರರು ಸ್ಕೇಲು ತಂದು ಅಳೆದೇ ಬಿಟ್ಟರು, ನಾಲ್ಕು ಮಿಲಿಮೀಟರಿಗೆ ಕೂದಲೆಳೆಯ ವ್ಯತ್ಯಾಸ.

ಆಗ ಹೊರಸಿನ ಮೇಲಿಂದ ಕಾಕು ಅಂದರು: “ನಿಮಗ ಸರಿ ಆಯ್ತು. ನನಗ ಕಾಣವಲ್ದು.”

ಅವರ ಮಾತು ಸರಿ. ಮಾಸ್ತರರು ಲ್ಯಾಪ್‌ಟಾಪನ್ನು ಎದುರಿಗೇ ಇಟ್ಟುಕೊಂಡು ಕೂರುತ್ತಾರೆ, ಕಣ್ಣಿಗೂ ಪರದೆಗೂ ಒಂದೂವರೆ ಅಡಿ. ಕಾಕು ಕಾಳು ಹಸನು ಮಾಡುತ್ತ ಹಾಡು ಹೇಳುವವರು, ಹೊರಸಿನಿಂದ ಮಾನಿಟರಿಗೆ ಮೂರಡಿ. ದೂರ ಎರಡು ಪಟ್ಟಾದರೆ ಅದೇ ಅಕ್ಷರ ಕಣ್ಣಿಗೆ ಅರ್ಧವಾಗುತ್ತದೆ. ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ ಪರದೆಯ ಮೈ ಹೇಳುತ್ತದೆ, ಓದುವವರು ಎಲ್ಲಿ ಕೂತಿದ್ದಾರೆ ಅನ್ನುವುದನ್ನು ಹೇಳುವುದಿಲ್ಲ. ಬೀದರದಲ್ಲಿ ಮಹಮೂದ್ ಗವಾನನ ಮದರಸಾ ನೋಡಿದವರಿಗೆ ಇದು ಹೊಸದಲ್ಲ. 1472ರ ಆ ಕಟ್ಟಡದ ಮುಖದಲ್ಲಿ ಬಣ್ಣದ ಹೆಂಚಿನ ಅಕ್ಷರಗಳು ಇನ್ನೂ ಉಳಿದಿವೆ. ಗ್ರಂಥದ ಪುಟದಲ್ಲಿ ಬೆರಳಗಲ ಇರುವ ಬರಹ ಅಲ್ಲಿ ಎತ್ತರದ ಪಟ್ಟಿಯಲ್ಲಿ ಎಷ್ಟೋ ಪಟ್ಟು ದೊಡ್ಡದಾಗಿ ನಿಂತಿದೆ. ಕೆಳಗೆ ಅಂಗಳದಲ್ಲಿ ನಿಂತವನು ಓದಬೇಕು ಅಂತಲೇ ಬರೆದದ್ದು.

ಮಾನಿಟರಿಗೆ 200 ಇಟ್ಟು ನೋಡಿದೆ. ಕಾಕುಗೆ ಒತ್ತು ಕಂಡಿತು, ಆದರೆ ಪರದೆಯೇ ಇಕ್ಕಟ್ಟು. 1920ರ ಪರದೆಗೆ 200 ಕೊಟ್ಟರೆ ಪ್ರೋಗ್ರಾಮುಗಳ ಪಾಲಿಗೆ ಅದು 960 ಅಗಲ, 540 ಎತ್ತರದ ಜಾಗ. ಅಷ್ಟರಲ್ಲಿ ಮೇಲಿನ ಪಟ್ಟಿಗಳೇ ಕಾಲು ಭಾಗ ನುಂಗುತ್ತವೆ, ಪದದ ನಾಲ್ಕು ಸಾಲು ಕಾಣಿಸುವುದೂ ಕಷ್ಟ. 175 ಹದವಾಯಿತು. ಉಳಿದದ್ದಕ್ಕೆ ಲಿಬ್ರೆ ಆಫೀಸಿನೊಳಗಿನ ಝೂಮ್ ಇದೆ. ನನ್ನ ಪದ್ಧತಿ ಇಷ್ಟೇ: ಮೆನು, ಫೈಲಿನ ಹೆಸರು ಓದಲು ಬರುವಷ್ಟು ಸ್ಕೇಲಿಂಗ್ ಇಡುವುದು, ಪುಟದ ಅಕ್ಷರ ಇನ್ನೂ ಬೇಕಾದರೆ ಕಂಟ್ರೋಲ್ ಒತ್ತಿ ಮೌಸಿನ ಚಕ್ರ ತಿರುಗಿಸುವುದು.

“ಕರೆಕ್ಟ್. ಆದ್ರ ತಮ್ಮಾ, ಅಕ್ಷರ ಇಷ್ಟು ದೊಡ್ಡು ಮಾಡಿದ್ರ ಪುಸ್ತಕದಾಗೂ ಹಂಗೇ ಅಚ್ಚಾಗಿ ಬರ್ತಾವೇನು?” ಮಾಸ್ತರರಿಗೆ ನಿಜವಾದ ಹೆದರಿಕೆ ಇದ್ದದ್ದು ಇದು.

ಇಲ್ಲ. ಸ್ಕೇಲಿಂಗ್ ತೋರಿಕೆಯದು ಮಾತ್ರ. 14 ಪಾಯಿಂಟ್ ಇಟ್ಟದ್ದು ಕಾಗದದ ಮೇಲೆ 14 ಪಾಯಿಂಟೇ, ಪಿಡಿಎಫ್‌ನಲ್ಲೂ ಅಷ್ಟೇ. ಒಂದು ಪುಟ ಮುದ್ರಿಸಿ ತೋರಿಸುವವರೆಗೆ ಅವರು ನಂಬಲಿಲ್ಲ. ನಂಬದೆ ಇದ್ದದ್ದೇ ಸರಿ, ಕೂಡಿಸಿದ ಹಾಡುಗಳ ಮೇಲೆ ಅವರಿಗೆ ಅಷ್ಟು ಜೀವ.

ಇನ್ನೊಂದು ಗಂಟು ಬಿಡಿಸುವುದಿತ್ತು. ಇಷ್ಟು ದಿನ ಅವರು ಎರಡೂ ಪರದೆಗೆ ಒಂದೇ ಚಿತ್ರ ತೋರಿಸುವ ‘ಮಿರರ್’ ಇಟ್ಟುಕೊಳ್ಳುತ್ತಿದ್ದರು, ತಾನು ಬರೆದದ್ದು ಅವಳಿಗೂ ಕಾಣಲಿ ಅಂತ. ಮಿರರ್ ಇದ್ದರೆ ಬೇರೆ ಬೇರೆ ಸ್ಕೇಲಿಂಗ್ ಆಗದು, ಇರುವ ಚಿತ್ರವೇ ಒಂದು. ಅದಕ್ಕೇ ಸ್ಕೇಲ್ ಇಡುವ ಮೊದಲೇ ‘ಜಾಯಿನ್’ ಮಾಡಿ ಎರಡನ್ನೂ ಅಕ್ಕಪಕ್ಕದ ಬೇರೆ ಪರದೆ ಮಾಡಿದ್ದೆ. ಹಾಗಾದರೆ ಅದೇ ಹಾಡು ಎರಡರಲ್ಲೂ ಕಾಣುವುದು ಹೇಗೆ? ಲಿಬ್ರೆ ಆಫೀಸಿನ ‘ವಿಂಡೋ’ ಮೆನುವಿನಲ್ಲಿ ‘ನ್ಯೂ ವಿಂಡೋ’ ಅಂತ ಇದೆ. ಒತ್ತಿದರೆ ಅದೇ ಕಡತಕ್ಕೆ ಎರಡನೆಯ ಕಿಟಕಿ ತೆರೆಯುತ್ತದೆ. ಒಂದನ್ನು ಲ್ಯಾಪ್‌ಟಾಪಿನಲ್ಲಿ ಬಿಟ್ಟು ಇನ್ನೊಂದನ್ನು ಮಾನಿಟರಿಗೆ ಎಳೆದು ದೊಡ್ಡದು ಮಾಡಿದೆ. ಮಾಸ್ತರರು ಇಲ್ಲಿ ಒಂದು ಅಕ್ಷರ ಒತ್ತಿದರೆ ಅಲ್ಲಿ ಕಾಕು ಎದುರಿಗೂ ಮೂಡುತ್ತದೆ, ಇಬ್ಬರಿಗೂ ತಮ್ಮ ತಮ್ಮ ಅಳತೆಯಲ್ಲಿ. ಇಷ್ಟು ಉಪಯೋಗದ ಮೆನು ಎಷ್ಟೋ ಜನರ ಕಣ್ಣಿಗೆ ಬೀಳದೆ ಉಳಿದಿದೆ.

ನಮ್ಮಲ್ಲಿ ಲೈಟು ಹೋಗುವುದು ಇದ್ದದ್ದೇ. ಲೈಟು ಹೋದಾಗ ಮಾನಿಟರ್ ಆರುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತದೆ. ಕಿಟಕಿಗಳೆಲ್ಲ ಈಚೆಗೆ ಬಂದು ಲ್ಯಾಪ್‌ಟಾಪಿನ ಅಳತೆಗೆ ಕೂಡುತ್ತವೆ. ಮತ್ತೆ ಲೈಟು ಬಂದರೆ ಹಾಕಿದ ಸ್ಕೇಲಿಂಗ್ ಹೋಗುತ್ತದೆಯೇ? ಹೋಗುವುದಿಲ್ಲ. ಪ್ರತಿ ಮಾನಿಟರೂ ಕೇಬಲ್ಲಿನ ಮೂಲಕ ತನ್ನ ಕಂಪನಿ, ಮಾದರಿ, ಕ್ರಮಸಂಖ್ಯೆ ಹೇಳಿಕೊಳ್ಳುತ್ತದೆ. ಗ್ನೋಮ್ ಅದನ್ನು ನೋಡಿ, ಈ ಎರಡು ಪರದೆ ಕೂಡಿದಾಗ ಇಂಥ ಜೋಡಣೆ ಅಂತ ‘ಮಾನಿಟರ್ಸ್’ ಎಂಬ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಬೇರೆ ಮಾನಿಟರ್ ಹಚ್ಚಿದರೆ ಅದಕ್ಕೆ ಬೇರೆ ದಾಖಲೆ. ಲಾಗಿನ್ ಪರದೆ ಮಾತ್ರ ನಿಮ್ಮ ಈ ದಾಖಲೆ ನೋಡುವುದಿಲ್ಲ. ಅಲ್ಲಿ ಹೆಸರು ಸಣ್ಣದಾಗಿ ಕಂಡರೆ ಗಾಬರಿ ಬೇಡ ಅಂತ ಮಾಸ್ತರರಿಗೆ ಹೇಳಿಟ್ಟೆ. ಹಳೆಯ ಎಕ್ಸ್ ಕಾಲದ ಪ್ರೋಗ್ರಾಮುಗಳು ವೇಲ್ಯಾಂಡಿನಲ್ಲಿ ಮಸುಕಾಗಿ ಕಾಣಬಹುದು ಅನ್ನುವುದನ್ನೂ ಹೇಳಿದೆ. ಅವರ ಬಳಿ ಅಂಥದ್ದೇನೂ ಇರಲಿಲ್ಲ.

ಕೊನೆಗೆ ಫಾಂಟು. ಎಷ್ಟೇ ಸ್ಕೇಲಿಂಗ್ ಕೊಟ್ಟರೂ ಸಾಲಿನ ನಡುವೆ ಜಾಗ ಸಾಲದೆ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಡೆಬಿಯನ್ ಭಂಡಾರದಲ್ಲಿ ಲೋಹಿತ್ ಇದೆ, ನೋಟೋ ಇದೆ, ಅರವಿಂದ ವಿ.ಕೆ. ಅವರು ಕನ್ನಡಕ್ಕಾಗಿ ಕೊಟ್ಟ ‘ಗುಬ್ಬಿ’ ಮತ್ತು ‘ನವಿಲು’ ಕೂಡ ಇವೆ. ಎಲ್ಲವೂ ಮುಕ್ತ, ಎಲ್ಲವೂ ಯೂನಿಕೋಡ್.  ಕಾಕು ಎದುರಿಗೆ ಒಂದೊಂದೇ ಫಾಂಟು ಹಾಕಿ ತೋರಿಸಿದೆ. “ಇದು ದಪ್ಪ ಅದ, ಇದರಾಗ ಸೀಳು ಸಾಫ್ ಕಾಣ್ತದ” ಅಂತ ಅವರೇ ನೋಟೋ ಆರಿಸಿದರು, ಸಾಲಿನ ಅಂತರ ಒಂದೂವರೆ ಇಟ್ಟೆವು. ಒಂದು ಪದ ಓದುತ್ತ ಹೋದವರು ಮೂರನೆಯ ಸಾಲಿಗೆ ತಡೆದು, “ಇಲ್ಲಿ ಒತ್ತು ಬಿಟ್ಟೀರಿ” ಅಂದರು. ಬಿಟ್ಟಿತ್ತು.

ನಾನು ಎದ್ದು ಹೊರಟಾಗ ಮಾಸ್ತರರು ಗೋಡೆಯವರೆಗೆ ಬಂದರು. ನವೆಂಬರಿಗೆ ಸಾಲಿಯಲ್ಲಿ ಹುಡುಗಿಯರಿಂದ ಈ ಹಾಡು ಹಾಡಿಸಬೇಕು, ಪದಗಳನ್ನು ಗೋಡೆಯ ಮೇಲೆ ತೋರಿಸಬೇಕು ಅನ್ನುವುದು ಅವರ ಯೋಚನೆ.

“ಪ್ರೊಜೆಕ್ಟರ್ ಹಚ್ಚಿದ್ರ ಅದಕ್ಕ ಎಷ್ಟು ಇಡಬೇಕು?”

ಪ್ರೊಜೆಕ್ಟರಿಗೆ ತನ್ನ ಚಿತ್ರದ ಗಾತ್ರ ತನಗೇ ಗೊತ್ತಿರುವುದಿಲ್ಲ. ಗೋಡೆ ಎಷ್ಟು ದೂರವೋ ಚಿತ್ರ ಅಷ್ಟು. ಹೀಗಾಗಿ ಕಂಪ್ಯೂಟರಿಗೆ ಅದು ಅಳತೆ ಹೇಳಲಾರದು, ಲಿನಕ್ಸು ಊಹಿಸಲಾರದು. ಸಾಲಿಗಳಲ್ಲಿ ಇರುವವು ಬಹಳ ಮಟ್ಟಿಗೆ 1024 ಇಲ್ಲವೇ 1280 ಚುಕ್ಕೆ ಅಗಲದವು, ಅಷ್ಟರಲ್ಲಿ ಸ್ಕೇಲಿಂಗ್ ಏರಿಸಿದರೆ ಜಾಗವೇ ಉಳಿಯುವುದಿಲ್ಲ.

“ಸ್ಕೇಲಿಂಗ್ ನೂರೇ ಇರ್ಲಿ ಕಾಕಾ. ಹಾಡಿನ ಅಕ್ಷರ ನಲವತ್ತು ಪಾಯಿಂಟ್ ಮಾಡ್ರಿ, ಒಂದು ಸಲಕ್ಕ ನಾಕೇ ಸಾಲು ತೋರ್ಸ್ರಿ. ಆಮ್ಯಾಲ ನೀವು ಹಿಂದಿನ ಬೆಂಚಿನ ಮ್ಯಾಲ ಕುಂದ್ರಿ, ಕಾಕೂನ ಬಾಜೂಕ ಕುಂದ್ರಸ್ಕೊಳ್ರಿ. ಅವರಿಗಿ ಒತ್ತು ಕಾಣ್ಲಿಲ್ಲಂದ್ರ ಇನ್ನೊಂದು ಸಾಲು ಕಡಿಮಿ ಮಾಡ್ರಿ.”